ಕಾಲುಂಗುರ ಕಳಚಿದ ಚಳಿ

ಹಿಮ ಬೀಳದ ನಾಡಿನಲ್ಲಿ ಅದೆಂಥ ಚಳಿ ಎಂದು ನಗುವವರನ್ನು ಪುಷ್ಯ ಮಾಸದಲ್ಲಿ ಒದ್ದೆ ಕಾಲಿನಲ್ಲಿ ಔರಾದ ಬಯಲಿಗೆ ಕಳಿಸಬೇಕು. ಎರಡು ದಿನ ಕುರಿ ಕಾಯ್ದು ಬರಲಿ, ಆಮೇಲೆ ಮಾತಾಡಲಿ. ನಾನು ಆ ಬಯಲಿನಲ್ಲಿ ಕಾಲ್ಬೆರಳು ಕಳೆದುಕೊಳ್ಳುವವಳಿದ್ದೆ.

ಪೋಲೀಸ್ ಆಕ್ಷನ್ನಿಗೆ ಮುಂಚಿನ ಚಳಿಗಾಲ ಅದು. ಗಲಾಟೆಗೆ ಹೆದರಿ ಕಮಠಾಣದ ಕಡೆಯ ಎಷ್ಟೋ ಗಂಡಸರು ನಿಜಾಮನ ಸರಹದ್ದು ದಾಟಿ ಹೋಗಿದ್ದರು. ನನ್ನ ಗಂಡನೂ ಹೋಗಿದ್ದ. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಆದರೆ ಕುರಿಗೆ ಸರಹದ್ದೂ ಗೊತ್ತಿಲ್ಲ, ಹೆದರಿಕೆಯೂ ಗೊತ್ತಿಲ್ಲ, ಹೊಟ್ಟೆಯೊಂದು ಗೊತ್ತು. ಹೆಂಗಸರು ಹಿಂಡಿನ ಜೊತೆ ಅಡವಿಯಲ್ಲಿ ಉಳಿಯಬಾರದು ಎಂಬ ಪದ್ಧತಿಯನ್ನು ಗಂಟು ಕಟ್ಟಿ ಗೂಟಕ್ಕೆ ಹಾಕಿ, ವಿಧವೆಯಾದ ನನ್ನತ್ತೆ ಹಿಂಡು ಹೊಡೆದುಕೊಂಡು ಹೊರಟಳು, ಹಿಂದೆ ನಾನು. ಜೊತೆಗೆ ಸತ್ತ ಮಾವನ ಅಣ್ಣ, ನನಗೆ ದೊಡ್ಡಮಾವ, ಬಂದಿದ್ದ. ಅವನು ಬಾವ ಎಂದು ಅತ್ತೆ ಅವನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಹೇಳುವುದಿದ್ದರೆ ಯಾವುದಾದರೂ ಕುರಿಗೆ ಹೇಳುವಳು, ಅವನು ಕೇಳಿಸಿಕೊಳ್ಳುವನು.

ಅಕಾಲದ ಮಳೆ ಹಿಡಿಯಿತು. ಎರೆಮಣ್ಣಿನ ಕೆಸರು, ಮೇಲೆ ಬಡಗಣ ಗಾಳಿ. ಎರಡು ದಿನ ನನ್ನ ಕಾಲು ಒಣಗಲೇ ಇಲ್ಲ. ಮೂರನೆಯ ಬೆಳಿಗ್ಗೆ ಎದ್ದು ನಿಂತರೆ ನೆಲವೇ ತಿಳಿಯದು. ಬೆರಳುಗಳು ಬಿಳಿಚಿ ಊದಿದ್ದವು, ಬೆಳ್ಳಿಯ ಕಾಲುಂಗುರಗಳು ಮಾಂಸದೊಳಗೆ ಹೂತಿದ್ದವು.

ದೊಡ್ಡಮಾವ ಒಣ ತೊಗರಿಕಟ್ಟಿಗೆ ಹುಡುಕಿ ತಂದು ಬೆಂಕಿ ಮಾಡಿದ. “ಕಾಲು ಒಳಗ ಹಿಡಿಯವ್ವ, ಸುಟ್ರೂ ಚಿಂತಿಲ್ಲ, ಚಳಿ ಬಿಡ್ತದ,” ಎಂದ. ನಾನು ಕಾಲು ಚಾಚಿದೆ. ಏನೂ ಸುಡಲಿಲ್ಲ, ಹಾಯೆನಿಸಿತು.

ಅತ್ತೆ ನನ್ನನ್ನು ರಟ್ಟೆ ಹಿಡಿದು ಹಿಂದಕ್ಕೆಳೆದಳು. ನಂತರ ಸೆರಗು ಸರಿಮಾಡಿಕೊಳ್ಳದೆ, ಕುರಿಯ ಕಡೆ ತಿರುಗದೆ, ನೇರ ಬಾವನ ಮುಖ ನೋಡಿದಳು.

“ನಿಮ್ಮ ಕಾಲಿನ ಎರಡು ಬೆಳ್ಳು ಹ್ಯಾಂಗ ಹೋದವ್ರಿ? ಹಿಂಗೇ ಬೆಂಕ್ಯಾಗ ಹಿಡಿದೇ ಅಲ್ಲೇನು? ಜೋಮು ಹಿಡಿದ ಕಾಲಿಗಿ ಉರಿ ತಿಳಿತದೇನ್ರಿ?”

ದೊಡ್ಡಮಾವ ಎಂಟೇ ಬೆರಳು ಉಳಿದಿದ್ದ ತನ್ನ ಕಾಲುಗಳನ್ನು ಧೋತರದೊಳಗೆ ಎಳೆದುಕೊಂಡ. ಅತ್ತೆ ನನ್ನ ಕಾಲನ್ನು ತಿಕ್ಕದೆ, ಒತ್ತಿ ಒತ್ತಿ ಒರೆಸಿದಳು. ಆಮೇಲೆ ಉಣ್ಣೆಯ ಕತ್ತರಿ ತೆಗೆದಳು. ಕಾಲುಂಗುರಕ್ಕೆ ಅದರ ಮೊನೆ ತಾಗಿದಾಗ ಮುದುಕ ಎದ್ದು ನಿಂತ.

“ಗಂಡ ಇದ್ದಾಕಿ ಕಾಲುಂಗ್ರ ತೆಗೀತಾರೇನು? ಹುಡುಗ ಪರಮುಲಕಿನಾಗ ಅದಾನ!”

“ಅವ ನನ್ನ ಮಗ ಅದಾನ್ರಿ. ನಾ ಹೊತ್ತು ಹಡೆದಾಕಿ. ಬೆಳ್ಳಿ ತೆಗೆದ್ರ ಸಾಯೋ ಮಗನ್ನ ನಾ ಹಡೆದಿಲ್ಲ.”

ನಾನು ಅತ್ತೆಯ ಕೈ ಹಿಡಿದುಕೊಂಡು ಬೇಡ ಬೇಡವೆಂದು ಗೋಗರೆದೆ. ನನಗೆ ಬೆರಳಿನ ಭಯವಿರಲಿಲ್ಲ, ಗಂಡನ ಜೀವದ ಭಯವಿತ್ತು. ಅವಳು ಕೇಳಲಿಲ್ಲ. ಒಂದೊಂದನ್ನೂ ಮೀಟಿ ಬಿಚ್ಚಿ ತನ್ನ ಸಂಚಿಗೆ ಹಾಕಿಕೊಂಡಳು. ಕಂಬಳಿ ಹೊದ್ದು ಕೂತು ನನ್ನ ಪಾದಗಳೆರಡನ್ನೂ ತನ್ನ ಕಂಕುಳಲ್ಲಿ ಇಟ್ಟುಕೊಂಡಳು. ಬಾವನ ಎದುರಿಗೇ. ಮೈಕಾವು ಏರಿದಂತೆ ನೋವು ಬಂತು, ಚೇಳು ಕಡಿದಂಥ ನೋವು. ನಾನು ಚೀರಿದೆ.

“ಚೀರು, ಜೀವ ಬಂತು,” ಎಂದಳು ಅತ್ತೆ.

ಅಂದಿನಿಂದ ಒಂದು ಕಂಬಳಿಯನ್ನು ಕಾಲಿಗೆಂದೇ ಒಣದಾಗಿ ಇಟ್ಟುಕೊಂಡೆವು. ಸಂಜೆ ಕಾಲೊರೆಸಿ ಹರಳೆಣ್ಣೆ ಸವರದೆ ಊಟವಿಲ್ಲ ಎಂದು ಅತ್ತೆಯ ಹುಕುಂ.

ಊರಿಗೆ ಬಂದಾಗ ಹೆಂಗಸರು ನನ್ನ ಮುಖ ಬಿಟ್ಟು ಕಾಲು ನೋಡಿದರು. ಬಾವಿಕಟ್ಟೆಯ ಮೇಲೆ ಒಬ್ಬಳು, “ಗಂಡನ್ನ ತಿನ್ನಾಕಿ,” ಎಂದಳು. ಅವನ ಸುದ್ದಿಯೂ ಇಲ್ಲ. ಎಂಟು ತಿಂಗಳು ನಾನು ಅತ್ತೆಯನ್ನು ಮನಸ್ಸಿನಲ್ಲೇ ಶಪಿಸಿದೆ, ಅವಳು ಮಾಡಿದ ರೊಟ್ಟಿಯನ್ನೇ ತಿಂದೆ.

ಮಳೆಗಾಲದ ಕೊನೆಗೆ ಪೋಲೀಸ್ ಆಕ್ಷನ್ ಆಯಿತು. ಸ್ವಲ್ಪ ದಿನಕ್ಕೆ ಅವನು ಸರಹದ್ದಿನಾಚೆಯಿಂದ ಭಾಲ್ಕಿಯ ಹಾದಿ ಹಿಡಿದು ನಡೆದುಕೊಂಡು ಬಂದ. ಬಡಕಲಾಗಿದ್ದ, ಗಟ್ಟಿಯಾಗಿಯೇ ಇದ್ದ. ಅತ್ತೆ ಅವನಿಗೆ ನೀರು ಕೊಟ್ಟು, ನನ್ನ ಮುಂದೆ ಕಾಲುಂಗುರ ಇಟ್ಟಳು. “ಹಾಕ್ಕೋತಿ?” ಎಂದಳು.

“ಒಲ್ಲೆ,” ಎಂದೆ. ಅವನು ನನ್ನ ಕಾಲು ನೋಡಿ ನಕ್ಕ. ಹಾಕಿಕೋ ಎನ್ನಲಿಲ್ಲ, ಮುಂದೆಂದೂ ಅನ್ನಲಿಲ್ಲ.

ಬರಿಗಾಲಿನ ಹೆಂಡತಿಯ ಜೊತೆ ಅವನು ನಲವತ್ತು ವರ್ಷ ಬಾಳಿದ. ಅವನು ಹೋದಾಗ ಊರ ಮುದುಕಿಯರು ಶಾಸ್ತ್ರ ಮಾಡಲು ಬಂದರು. ಅಳುವಿನ ನಡುವೆಯೇ ನನಗೆ ಸಿಟ್ಟು ಬಂತು. ಕಾಲುಂಗುರ ಇಲ್ಲವೆಂದು ಗೊತ್ತಿದ್ದೂ ತೆಗೆಯುವ ಶಾಸ್ತ್ರಕ್ಕೆಂದು ಒಬ್ಬಳು ಬಗ್ಗಿ ಸೀರೆಯ ಅಂಚು ಎತ್ತಿದಳು. ನಾನೇ ಎರಡೂ ಕಾಲನ್ನು ಅವಳ ಮುಂದೆ ಚಾಚಿದೆ.

“ಎಣಿಸ್ಕೋರಿ,” ಎಂದೆ, “ಬೆಳ್ಳು ಹತ್ತೂ ಅವ.”