ಒಂದು ಬೆರಳಿನ ವ್ಯತ್ಯಾಸ

ಅವರ ಹುಬ್ಬಿನಲ್ಲಿ ಯಾವಾಗಲೂ ಮರದ ಹೊಟ್ಟು ಇರುತ್ತಿತ್ತು. ಕಿವಿಯ ಮೇಲಿನ ಕೂದಲಲ್ಲಿ, ಅಂಗಿಯ ಜೇಬಿನಲ್ಲಿ, ಕನ್ನಡಕದ ಅಂಚಿನಲ್ಲಿ ಕೂಡ. ನಕ್ಕರೆ ಹುಬ್ಬು ಕುಣಿದು ನಾಲ್ಕು ಕಣ ಟೀ ಲೋಟದೊಳಕ್ಕೆ ಉದುರುತ್ತಿದ್ದವು. ಅವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕುಡಿದು ಮುಗಿಸುತ್ತಿದ್ದರು. ಎದುರಿಗೆ ಕೂತ ನಾನು ಮಾತ್ರ ನನ್ನ ಲೋಟಕ್ಕೆ ಕೈ ಅಡ್ಡ ಹಿಡಿಯುತ್ತಿದ್ದೆ.

ಭದ್ರಾವತಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಮೇಸ್ತ್ರಿ ಅವರು. ಕಂಪನಿಯಿಂದ ಕ್ಯಾಬಿನ್ನು, ಚಕ್ರ, ಚಾಸಿಯೆಂಬ ಉದ್ದನೆಯ ಕಬ್ಬಿಣದ ಚೌಕಟ್ಟು ಇಷ್ಟೇ ಬಂದರೆ, ಅದರ ಮೇಲೆ ಸಾಮಾನು ಹೇರುವ ಮರದ ಬಾಡಿಯನ್ನು ಇಂಥವರು ಕಟ್ಟಿಕೊಡುತ್ತಾರೆ. ಅವರ ತಂದೆ ಕಾರ್ಖಾನೆ ಕೆಲಸಕ್ಕೆಂದು ತಮಿಳು ಸೀಮೆಯಿಂದ ಬಂದು ನೆಲೆನಿಂತವರು. ಹಾಗಾಗಿ ಮೇಸ್ತ್ರಿ ಅಳತೆ ಎಣಿಸುತ್ತಿದ್ದುದು ತಮಿಳಿನಲ್ಲಿ, ಬೈಯುತ್ತಿದ್ದುದು ಅಪ್ಪಟ ಕನ್ನಡದಲ್ಲಿ.

ನಾನು ಶಿವಮೊಗ್ಗದ ದುರ್ಗಿಗುಡಿಯವಳು. ಎಂಟು ವರ್ಷ ಲಗೇಜ್ ಆಟೋ ಓಡಿಸಿದೆ. ಒಮ್ಮೆ ಸಿಮೆಂಟು ಹೇರಿಕೊಂಡು ಭದ್ರಾವತಿಗೆ ಹೋದಾಗ ಆಟೋದ ತಳದ ಹಲಗೆ ಮುರಿಯಿತು. ರಿಪೇರಿಗೆ ಹೋದ ಎರಡು ಕಡೆಯೂ ‘ಡ್ರೈವರ್ ಎಲ್ಲಮ್ಮ?’ ಎಂದೇ ಕೇಳಿದರು. ನನಗೆ ಮೈಯೆಲ್ಲ ಉರಿದುಹೋಗಿತ್ತು. ಮೂರನೆಯವರು ಈ ಮೇಸ್ತ್ರಿ. ಅವರು ಕೇಳಿದ್ದು ಒಂದೇ ಮಾತು: “ಎಷ್ಟು ಭಾರ ಹಾಕ್ತೀಯ?” ಅವತ್ತಿನಿಂದ ಆಟೋದ ಒಂದು ಮೊಳೆ ಸಡಿಲವಾದರೂ ನಾನು ಹದಿನೆಂಟು ಕಿಲೋಮೀಟರು ಓಡಿಸಿಕೊಂಡು ಅವರ ಶೆಡ್ಡಿಗೇ ಹೋಗುತ್ತಿದ್ದೆ.

ಕೊನೆಗೆ ನಾನೂ ಒಂದು ಲಾರಿ ಬುಕ್ ಮಾಡಿದೆ. ಸಣ್ಣದೇ, ಆರು ಚಕ್ರದ್ದು. ಆದರೆ ಹೊಚ್ಚ ಹೊಸದು, ನನ್ನ ಹೆಸರಿನದು. ರಸೀದಿ ಹಿಡಿದು ಶೆಡ್ಡಿಗೆ ಓಡಿದರೆ ಮೇಸ್ತ್ರಿ ರಸೀದಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ನನ್ನನ್ನು ಗೋಡೆಗೆ ಒರಗಿ ನಿಲ್ಲು ಎಂದರು. ಕೈ ಮೇಲೆತ್ತು ಎಂದರು. ಬೆರಳ ತುದಿ ಮುಟ್ಟಿದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಆಮೇಲೆ ಒಂದು ಸ್ಟೂಲಿನ ಮೇಲೆ ಕಾಲಿಡಿಸಿ ಮಂಡಿಯ ಎತ್ತರ ನೋಡಿದರು. ಲಾರಿಗೆ ಬಾಡಿಯೋ, ನನಗೆ ರವಿಕೆಯೋ ಎಂದು ರೇಗಿಸಿದೆ. ಅವರ ಕ್ರಮವೇ ಹಾಗಂತೆ: ಮೊದಲು ಗಾಡಿಯಲ್ಲಿ ದುಡಿಯುವವರ ಅಳತೆ, ಆಮೇಲೆ ಗಾಡಿಯದು. ಹಿಂದಿನ ಡೋರಿನ ಚಿಲಕಕ್ಕೆ ದಿನಕ್ಕೆ ನಲವತ್ತು ಸಲ ಕೈ ಎತ್ತುವವಳು ನಾನಾಗಿರುವಾಗ, ಆರಡಿ ಗಂಡಸಿನ ಅಳತೆಗೆ ಚಿಲಕ ಇಟ್ಟರೆ ನನ್ನ ಭುಜದ ಗತಿ ಏನು ಎಂದು ಅವರ ಪ್ರಶ್ನೆ.

ಲಾರಿ ಒಂದೂವರೆ ತಿಂಗಳಿಗೆ ಬರಬೇಕಿತ್ತು. ನನ್ನ ಸಂಭ್ರಮಕ್ಕೆ ಮಿತಿಯೇ ಇರಲಿಲ್ಲ. ಗಾಡಿ ಬರುವ ಮೊದಲೇ ಕನ್ನಡಿಗೆ ಕಟ್ಟುವ ಕುಚ್ಚು ತಂದಿಟ್ಟೆ. ಶೋರೂಮಿನ ಪೋಸ್ಟರಿನ ಫೋಟೋವನ್ನೇ ಸ್ಟೇಟಸ್ಸಿಗೆ ಹಾಕಿದೆ. ಒಂದೂವರೆ ತಿಂಗಳು ಮೂರಾಯಿತು, ಮೂರು ನಾಲ್ಕಾಯಿತು. ಎಲ್ಲಿಂದಲೋ ಯಾವುದೋ ಬಿಡಿಭಾಗ ಬರಬೇಕಂತೆ. ನಮ್ಮ ಬೀದಿಯವರು ‘ಲಾರಿ ಎಲ್ಲಿಗೆ ಬಂತು, ಮಾರಾಯ್ತಿ’ ಎಂದು ಕೇಳುವುದನ್ನು ದಿನದ ಕಸುಬು ಮಾಡಿಕೊಂಡರು. ನಾನು ಮಾತ್ರ ವಾರಕ್ಕೊಮ್ಮೆ ಶೆಡ್ಡಿಗೆ ಹೋಗಿ ಬಾಡಿಯ ಬಣ್ಣ ಯಾವುದು, ಹಣೆಯ ಮೇಲೆ ಯಾವ ಹೂವು ಎಂದು ಕೊರೆಯುತ್ತಿದ್ದೆ.

ನನ್ನ ಉತ್ಸಾಹ ನೋಡಿಯೋ ಏನೋ, ಮೇಸ್ತ್ರಿ ತಮ್ಮದೇ ನಿಯಮ ಮುರಿದರು. ಚಾಸಿ ಶೆಡ್ಡಿಗೆ ಬಂದು ನಿಲ್ಲದೆ ಹಲಗೆಗೆ ಗರಗಸ ಇಡಬಾರದು ಎನ್ನುತ್ತಿದ್ದವರು, ಒಂದು ದಿನ ಹೋದಾಗ ಹೊನ್ನೆ ಮರದ ಎರಡು ಪಕ್ಕಗಳನ್ನೂ ಮುಗಿಸಿ ಗೋಡೆಗೆ ಒರಗಿಸಿದ್ದರು. ಕಂಪನಿಯ ಅಳತೆ ಕಾಗದ ತರಿಸಿಕೊಂಡು ಮಾಡಿದ್ದಂತೆ. ಮೇಲಂಚನ್ನು ನನ್ನ ಕೈಗೆ ಚುಚ್ಚದ ಹಾಗೆ ಉಜ್ಜಿ ಉಜ್ಜಿ ನುಣುಪು ಮಾಡಿದ್ದರು. ನಾನು ಅದರ ಮೇಲೆ ಕೆನ್ನೆ ಇಟ್ಟು ನೋಡಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಇಟ್ಟದ್ದು ನಿಜ.

ಅದಾದ ವಾರಕ್ಕೇ ಶೋರೂಮಿನಿಂದ ಫೋನು ಬಂತು. ನನ್ನ ಗಾಡಿ ಇನ್ನೂ ಎರಡು ತಿಂಗಳಾಗುತ್ತದೆ. ಆದರೆ ಯಾರೋ ಬುಕಿಂಗ್ ಕ್ಯಾನ್ಸಲ್ ಮಾಡಿದ ಒಂದು ಗಾಡಿ ಯಾರ್ಡಿನಲ್ಲಿದೆ, ಕಂಪನಿಯೇ ಕಟ್ಟಿದ ಕಬ್ಬಿಣದ ಬಾಡಿ, ಉದ್ದ ಒಂದಡಿ ಕಮ್ಮಿ. ಆರ್ಡರ್ ಬದಲಾಯಿಸಿಕೊಂಡರೆ ಈ ವಾರವೇ ಓಡಿಸಬಹುದು. ಹೋಗಿ ನೋಡಿದೆ. ಕೆಂಪು ಬಣ್ಣ. ಸುತ್ತ ಎರಡು ಸಲ ತಿರುಗಿ ಬಂದೆ. ಶಿವಮೊಗ್ಗದ ಹಿಂಡಿ ವ್ಯಾಪಾರಿಯೊಬ್ಬರು ಕುಂಸಿ ಕಡೆಯ ಊರುಗಳಿಗೆ ದಿನಾ ಹಿಂಡಿ ಮೂಟೆ ಸಾಗಿಸುವ ಬಾಡಿಗೆಯನ್ನು ನನಗೆ ಕೊಡಲು ಒಪ್ಪಿದ್ದರು. ಮುಂದಿನ ಒಂದನೇ ತಾರೀಕಿಗೆ ಲಾರಿ ಬಾಗಿಲಿಗೆ ಬರದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದೂ ಹೇಳಿದ್ದರು. ಈ ಕೆಂಪು ಗಾಡಿ ತೆಗೆದುಕೊಂಡರೆ ಆ ಬಾಡಿಗೆ ಕೈತಪ್ಪುವುದಿಲ್ಲ. ಆದರೆ ಮೇಸ್ತ್ರಿ ಕಟ್ಟಿದ ಹೊನ್ನೆ ಪಕ್ಕಗಳು ಯಾವ ಉಪಯೋಗಕ್ಕೂ ಬರುವುದಿಲ್ಲ.

ಅವರಿಗೆ ಹೇಳಿಯೇ ತೀರ್ಮಾನಿಸೋಣ ಎಂದು ಭದ್ರಾವತಿಗೆ ಹೋದೆ. ಅವರು ಹಿಂದಿನ ಡೋರಿನ ಹಲಗೆಗೆ ಕೀಸುಳಿ ಹಾಕುತ್ತಿದ್ದರು. ಎಲ್ಲರೂ ಈಗ ಕಂಪನಿ ಬಾಡಿ ಅಂತಾರೆ, ಇಡೀ ಬಾಡಿ ಕಟ್ಟಿ ಎರಡು ವರ್ಷ ಆಗಿತ್ತು, ಇದೇ ಕೊನೇದು ಇರಬಹುದು ಎಂದರು. ಅದನ್ನೂ ಬೇಸರದಿಂದ ಹೇಳಲಿಲ್ಲ, ಖುಷಿಯಾಗಿಯೇ ಹೇಳಿದರು. ನಾನು ಕೆಂಪು ಗಾಡಿಯ ಮಾತೆತ್ತದೆ ಟೀ ಕುಡಿದು ವಾಪಸ್ಸು ಬಂದು ಶೋರೂಮಿಗೆ ಫೋನು ಮಾಡಿ ಬೇಡ, ಹಳೆಯ ಆರ್ಡರೇ ಇರಲಿ ಎಂದುಬಿಟ್ಟೆ. ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ. ದೊಡ್ಡ ಮನಸ್ಸೇನೂ ಅಲ್ಲ, ಹೊಟ್ಟೆ ಉರಿದೇ ಅತ್ತದ್ದು.

ಮಾರನೆಯ ದಿನ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಹೊಟ್ಟಿಲ್ಲದ ಹುಬ್ಬಿನ ಮೇಸ್ತ್ರಿಯನ್ನು ಗುರುತಿಸಲು ನನಗೆ ಒಂದು ಗಳಿಗೆ ಹಿಡಿಯಿತು. ಶೋರೂಮಿನವನು ಅವರಿಗೆ ಪರಿಚಯದವನೇ, ಎಲ್ಲವನ್ನೂ ಊದಿಬಿಟ್ಟಿದ್ದ. ಮೇಸ್ತ್ರಿ ಮೊದಲ ಬಸ್ಸು ಹಿಡಿದು ಬಂದಿದ್ದರು. ಒಳಗೆ ಕಾಲಿಡುವ ಮೊದಲೇ ಶುರು ಮಾಡಿದರು: “ಏನಮ್ಮ, ದಾಕ್ಷಿಣ್ಯಕ್ಕೆ ಲಾರಿ ತಗೋತಾರಾ ಯಾರಾದ್ರೂ? ನಡಿ, ಆ ಗಾಡಿ ತೋರ್ಸು.”

ಶೋರೂಮಿನಲ್ಲಿ ಅವರು ಬಿಳಿ ಅಂಗಿಯಲ್ಲೇ ಗಾಡಿಯ ಕೆಳಗೆ ತೂರಿದರು. ಬೆಸುಗೆಗಳನ್ನೆಲ್ಲ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು. ಆಮೇಲೆ ನನ್ನನ್ನು ಹತ್ತಿಸಿದರು, ಇಳಿಸಿದರು, ಹಿಂದಿನ ಡೋರನ್ನು ಹತ್ತು ಸಲ ತೆಗೆಸಿ ಹಾಕಿಸಿದರು. ಸೇಲ್ಸಿನವರೆಲ್ಲ ಸುತ್ತ ನಿಂತು ನಗುತ್ತಿದ್ದರು. ಚಿಲಕ ಎತ್ತರದಲ್ಲಿತ್ತು, ಆರನೇ ಸಲಕ್ಕೇ ನನ್ನ ಭುಜ ನೋಯತೊಡಗಿತು. ಅದನ್ನು ಕೆಳಗೆ ಇಳಿಸಿಕೊಡುತ್ತೇನೆ, ಅರ್ಧ ದಿನದ ಕೆಲಸ, ಗಾಡಿ ಗಟ್ಟಿಯಾಗಿದೆ, ಸಹಿ ಹಾಕು ಎಂದರು.

ನಾನು ಸಹಿ ಹಾಕಲಿಲ್ಲ. ನಿಮ್ಮ ಹಲಗೆಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ನೀವು ಇಷ್ಟೆಲ್ಲ ಮಾಡಿದ ಮೇಲೆ ನನ್ನ ಕೈಲಿ ಆಗುವುದಿಲ್ಲ ಎಂದೆ. ಅವರು ನನ್ನನ್ನು ಗಾಡಿಯ ಹಿಂದಕ್ಕೆ ಕರೆದುಕೊಂಡು ಹೋದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಬಹಳ ಮೆತ್ತಗೆ ಮಾತಾಡಿದರು.

“ನನ್ನ ಕಣ್ಣು ಮೊದಲಿನ ಹಾಗಿಲ್ಲ ಮಾರಾಯ್ತಿ. ಆ ಎರಡು ಸೈಡು ಸಮ ಬಂದಿಲ್ಲ. ಒಂದು ಬೆರಳು ವ್ಯತ್ಯಾಸ ಬಿದ್ದಿದೆ. ಕೂರಿಸಿದ್ರೆ ಬಾಡಿ ಓರೆ ಆಗುತ್ತೆ. ನಿನಗೆ ಹೆಂಗೆ ಹೇಳೋದು ಅಂತ ಒದ್ದಾಡ್ತಿದ್ದೆ. ಗಾಡಿ ಇನ್ನೂ ಲೇಟಾಗ್ಲಿ ಅಂತ ದೇವರಿಗೆ ಕೈ ಮುಗೀತಿದ್ದೆ. ನೀನು ಇದನ್ನ ತಗೊಂಡ್ರೆ ನನ್ನ ಮರ್ಯಾದೆ ಉಳಿಯುತ್ತೆ.”

ಯಾರಿಗೂ ಹೇಳಬೇಡ ಎಂದೂ ಕೇಳಿಕೊಂಡರು. ನಲವತ್ತು ವರ್ಷ ಬಾಡಿ ಕಟ್ಟಿದ ಮನುಷ್ಯ ಹಾಗೆ ಕೇಳಿದಾಗ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಹೋಗಿ ಸಹಿ ಹಾಕಿದೆ.

ಗಾಡಿ ಕೈಗೆ ಬಂದ ದಿನ ಮೊದಲು ಹೋದದ್ದೇ ಅವರ ಶೆಡ್ಡಿಗೆ. ಅವರು ಚಿಲಕ ಬಿಚ್ಚಿ, ನನ್ನ ಕೈಯ ಅಳತೆಗೆ ಕೆಳಗೆ ಕೂರಿಸಿದರು. ಎರಡು ಕಡೆಯ ಬೋಲ್ಟುಗಳೂ ಒಂದೇ ಪೆಟ್ಟಿಗೆ ತೂತಿನಲ್ಲಿ ಕೂತವು. ಆಗಲಾದರೂ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ನಾನು ಹಾರ್ನು ಬಾರಿಸಿ ನೋಡುವುದರಲ್ಲಿ ಮುಳುಗಿದ್ದೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿವಮೊಗ್ಗ ದಾಟಿ ಸಕ್ರೆಬೈಲಿನವರೆಗೆ ಹೋದೆ. ದಾರಿಯುದ್ದಕ್ಕೂ ಎದುರು ಬರುವ ಲಾರಿಗಳಲ್ಲಿ ತಾವು ಬಾಡಿ ಕಟ್ಟಿದವನ್ನು ಗುರುತಿಸಿ ತೋರಿಸಿದರು. ಒಂದನೇ ತಾರೀಕು ಬೆಳಿಗ್ಗೆ ಏಳಕ್ಕೆ ನನ್ನ ಗಾಡಿ ಹಿಂಡಿ ಅಂಗಡಿಯ ಮುಂದೆ ನಿಂತಿತ್ತು. ಇವತ್ತಿಗೂ ನಮ್ಮ ಮನೆಯ ಒಲೆ ಉರಿಯುತ್ತಿರುವುದು ಅದೇ ಬಾಡಿಗೆಯಿಂದ.

ಹೋದ ವರ್ಷ ಮಳೆಗಾಲಕ್ಕೆ ಮೊದಲು ಮೇಸ್ತ್ರಿ ತೀರಿಕೊಂಡರು. ಎರಡು ದಿನ ಜ್ವರ, ಅಷ್ಟೇ. ತಿಂಗಳಾದ ಮೇಲೆ ಅವರ ಹೆಂಡತಿ ಫೋನು ಮಾಡಿ, ಶೆಡ್ಡು ಖಾಲಿ ಮಾಡಬೇಕು, ಗಾಡಿ ತರುತ್ತೀಯಾ ಎಂದರು. ಕೀಸುಳಿ, ಗರಗಸ, ಉಳಿದ ಹಲಗೆ ಎಲ್ಲವನ್ನೂ ಹೇರಿದೆವು. ಕೊನೆಯಲ್ಲಿ ಟಾರ್ಪಾಲಿನ ಹಿಂದೆ ಆ ಎರಡು ಹೊನ್ನೆ ಪಕ್ಕಗಳು ಸಿಕ್ಕವು. ಒಂದು ಬೆರಳಿನ ತಪ್ಪನ್ನು ಕಣ್ಣಾರೆ ನೋಡೋಣ ಎಂದು ಎರಡನ್ನೂ ನೆಲದ ಮೇಲೆ ಒಂದರ ಮೇಲೊಂದು ಇಟ್ಟೆ. ಅಂಚಿಗೆ ಅಂಚು ಕೂತಿತು. ನಂಬದೆ ಟೇಪು ಹಿಡಿದೆ. ಉದ್ದ, ಎತ್ತರ, ಮೂಲೆಯಿಂದ ಮೂಲೆಗೆ. ಒಂದು ನೂಲಿನಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

ಅವರ ಕಣ್ಣಿಗೆ ಏನಾಗಿತ್ತು ಎಂದು ಹೆಂಡತಿಯನ್ನು ಕೇಳಿದೆ. ಏನೂ ಆಗಿರಲಿಲ್ಲವಲ್ಲ, ಕೊನೆಯವರೆಗೂ ಸೂಜಿಗೆ ದಾರ ತಾವೇ ಪೋಣಿಸಿಕೊಡುತ್ತಿದ್ದರು ಎಂದರು ಅವರು. ಟೇಪು ಕೈಯಲ್ಲಿ ಹಿಡಿದುಕೊಂಡೇ ನಾನು ಆ ಹಲಗೆಗಳ ಪಕ್ಕ ಕೂತುಬಿಟ್ಟೆ.