ಕಂಪ್ಲಿ ಮಡುವಿನ ಜೆಲ್ಲಿ ಮೀನು

ಮೇ ತಿಂಗಳ ಎರಡನೇ ಶನಿವಾರ ಕಂಪ್ಲಿ ಬಳಿ ತುಂಗಭದ್ರೆಯ ಮಡುವೊಂದರಲ್ಲಿ ಜೀವಂತ ಜೆಲ್ಲಿ ಮೀನು ಸಿಕ್ಕಿತು. ಹಿಡಿದವರು ಕಾರವಾರದಲ್ಲಿ ಕಡಲಜೀವಿಗಳನ್ನು ಅಧ್ಯಯನ ಮಾಡುವ ಪ್ರಾಣಿವಿಜ್ಞಾನಿ ವಸುಧಾ. ಅವರ ತವರು ಹೊಸಪೇಟೆ. ವರದಿಗಾಗಿ ನಾನು ಜೊತೆಗಿದ್ದೆ.

ಬೆಳಿಗ್ಗೆ ಹೊಸಪೇಟೆಯಲ್ಲಿ ಬಸ್ ಹತ್ತಿದೆವು. ಸುಮಾರು ಮೂವತ್ತು ಕಿಲೋಮೀಟರ್ ದಾರಿ. ಎರಡೂ ಬದಿ ಕಬ್ಬು, ಬಾಳೆ. ಕಂಪ್ಲಿಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಹೊಳೆಗಿಳಿದಾಗ ಬಂಡೆಗಳು ಆಗಲೇ ಕಾದಿದ್ದವು. ಮೀನುಗಾರ ಹನುಮಂತಪ್ಪ ಹರಿಗೋಲು ತಂದಿದ್ದರು. ನೀರಲ್ಲಿ ಇಂಥದ್ದೊಂದು ಇದೆ ಎಂದು ಫೋಟೊ ಕಳಿಸಿದ್ದವರು ಅವರೇ.

“ಮುಟ್ಟಿದ್ರ ಲೋಳಿ ಆಗತೈತ್ರಿ. ತಿನ್ನಾಕ ಬರಂಗಿಲ್ಲ, ಮಾರಾಕ ಬರಂಗಿಲ್ಲ. ಇದಕ್ಕ ಕಾರವಾರದಿಂದ ಬಂದೀರಲ್ರೀ ಮೇಡಂ!” ಎಂದು ನಕ್ಕರು.

“ಸಮುದ್ರದಾಗಿನ ಇದರ ಬಳಗ ನೋಡಿ ನೋಡಿ ಕೂದಲ ಬೆಳ್ಳಗಾತು ಹನುಮಂತಪ್ಪ. ಹೊಳಿಯಾಗಿಂದು ಹೆಂಗ ಉಣ್ಣತದ ಅಂತ ಒಮ್ಮೆನೂ ನೋಡಿಲ್ಲ,” ಎಂದರು ವಸುಧಾ. ಅದಕ್ಕೆ ಅದು ಜೀವಂತವಾಗಿ ಕಾರವಾರದ ಪ್ರಯೋಗಾಲಯ ತಲುಪಬೇಕಿತ್ತು.

ಮಧ್ಯಾಹ್ನ ಒಂದೇ ಒಂದು ಸಿಕ್ಕಿತು. ರೂಪಾಯಿ ನಾಣ್ಯದಷ್ಟು ಅಗಲ, ಗಾಜಿನಂತೆ ತಿಳಿ. ಹೊಳೆನೀರಿನ ಸಮೇತ ಬಾಟಲಿಗೆ ಇಳಿಸಿ, ಒದ್ದೆ ಟವೆಲ್ ಸುತ್ತಿ, ವಸುಧಾ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊಸಪೇಟೆಯ ಮನೆಗೆ ತಂದರು.

ಮನೆ ಮಡಿವಂತ ವೈಷ್ಣವರದು. ತಾಯಿ ಪದ್ಮಾವತಿಬಾಯಿ ಇಷ್ಟು ವರ್ಷ ಮಗಳು ತಂದ ಜೀವಿಗಳ ಯಾವ ಬಾಟಲಿಯನ್ನೂ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಅಂದು ಬಗ್ಗಿ ನೋಡಿದರು.

“ಎಷ್ಟ ಚಂದ ಅದ! ಒಳಗ ತಾ ವಸು, ಬಿಸಲಾಗ ಬ್ಯಾಡ.”

“ಹೆಸರಿನಾಗ ಮೀನ ಅದ ಅಮ್ಮ, ನಡೀತದ?”

“ಸಾಕು ಜಾಣತನ. ಜಲ್ದಿ ಸ್ನಾನ ಮಾಡಿ ಬಾ.”

ವಸುಧಾ ಬಚ್ಚಲಿಗೆ ಹೋದರು. ಬಾಟಲಿಯ ನೀರು ಕದಡಿದ್ದು ಕಂಡು ತಾಯಿ ಅರ್ಧ ಚೆಲ್ಲಿ, ಪೂಜೆಗೆಂದು ತಾಮ್ರದ ಕೊಡದಲ್ಲಿ ತುಂಬಿಟ್ಟಿದ್ದ ಮಡಿನೀರು ಹಾಕಿದರು. ನೀರಿಗೆ ಇಳಿದ ತಾಮ್ರ ಇಂಥ ಜೀವಿಗಳಿಗೆ ವಿಷ. ಸಂಜೆಯ ಹೊತ್ತಿಗೆ ಅದು ತಳ ಸೇರಿ ಅಲುಗಾಡದಾಯಿತು.

“ದೇವರ ನೀರೇ ಹಾಕೀನಲ್ಲ,” ಎಂದರು ತಾಯಿ.

ವಸುಧಾ ಬಾಟಲಿಯ ಮುಚ್ಚಳ ಹಾಕಿದರು. “ಗೊತ್ತಮ್ಮ. ನಾಳೆ ಮತ್ತ ಹೋಗೂಣು. ನೀನೂ ಬಾ.”

ಭಾನುವಾರ ಮೂವರೂ ಹೋದೆವು. ಪದ್ಮಾವತಿಬಾಯಿ ಮೊದಲ ಬಾರಿಗೆ ಮೀನುಗಾರರ ಹರಿಗೋಲಿನಲ್ಲಿ ಕೂತರು. “ಆ ಮೀನಿನ ಬಲಿ ಆಚೆ ಸರಸಪಾ, ನನಗ ನೀರು ಕಾಣವಲ್ದು,” ಎಂದು ಹನುಮಂತಪ್ಪನವರನ್ನು ಗದರಿದರು. ಬಿಸಿಲು ಇಳಿಯುವವರೆಗೆ ಹುಡುಕಿದರೂ ಒಂದೂ ಕಾಣಲಿಲ್ಲ. ರಜೆ ಮುಗಿದಿತ್ತು, ಸೋಮವಾರ ವಸುಧಾ ಕಾರವಾರಕ್ಕೆ ಹೊರಟರು.

ತಾಯಿ ಕಂಪ್ಲಿಯಲ್ಲಿ ತಮ್ಮ ತಂಗಿಯ ಮನೆಯಲ್ಲಿ ಉಳಿದುಕೊಂಡಿದ್ದಾರೆ. ದಿನಾ ಬೆಳಿಗ್ಗೆ ಹನುಮಂತಪ್ಪನವರ ಜೊತೆ ಮಡುವಿಗೆ ಹೋಗುತ್ತಾರೆ. ನಿನ್ನೆಯವರೆಗೆ ಸಿಕ್ಕಿಲ್ಲ.