ದ್ವೀಪದಿಂದ ತಂದ ವೈನ್ ಬಾಟಲಿ

ಆ ಶನಿವಾರ ನಾವು ಹೊರಟಿದ್ದು ಅಕ್ಕಿ, ಮೊಸರು ತರುವುದಕ್ಕೆ. ನನ್ನ ಗಂಡನನ್ನು ಆಫೀಸಿನವರು ಕೆಲಸದ ಮೇಲೆ ಆಕ್ಲೆಂಡಿಗೆ ಕಳಿಸಿದ್ದರು, ನಾನೂ ರಜೆ ಹಾಕಿ ಜೊತೆಗೆ ಹೋಗಿದ್ದೆ. ಅವರ ಸಹೋದ್ಯೋಗಿ, ಕಲಬುರಗಿ ಕಡೆಯವರು, ಪಕ್ಕದ ರೂಮಿನಲ್ಲಿದ್ದರು. ಮೂವರೂ ಬಂದರಿನ ಪಕ್ಕ ನಡೆದು ಹೋಗುತ್ತಿದ್ದಾಗ ಒಂದು ದೊಡ್ಡ ದೋಣಿ ಹೊರಡುವುದರಲ್ಲಿತ್ತು. ವೈಹೆಕೆ ಅನ್ನುವ ದ್ವೀಪಕ್ಕಂತೆ. ಅಲ್ಲೆಲ್ಲ ದ್ರಾಕ್ಷಿ ತೋಟ, ಅಲ್ಲೇ ವೈನ್ ಮಾಡುತ್ತಾರೆ ಎಂದು ಟಿಕೆಟ್ ಕೊಡುವವಳು ಹೇಳಿದಳು.

"ನಡ್ರಿ ಸರ್, ಹೋಗೇ ಬಿಡೋಣ. ಅಕ್ಕಿ ನಾಳೆ ತಂದ್ರಾಯ್ತು" ಎಂದರು ಸಹೋದ್ಯೋಗಿ.

ಚೀಲ ಹಿಡಿದುಕೊಂಡೇ ಹತ್ತಿದೆವು. ಗಾಳಿಗೆ ದುಪಟ್ಟಾ ಹಾರುತ್ತಿತ್ತು, ನಾನು ಖುಷಿಯಾಗಿದ್ದೆ. ಆ ಖುಷಿ ಮಧ್ಯಾಹ್ನದವರೆಗೆ ಇತ್ತು.

ತೋಟ ಗುಡ್ಡದ ಇಳಿಜಾರಿನಲ್ಲಿತ್ತು. ಸಾಲು ಸಾಲು ಬಳ್ಳಿ, ಸಾಲಿನ ತುದಿಗೊಂದು ಗುಲಾಬಿ ಗಿಡ. ಮರದ ಮೇಜುಗಳಲ್ಲಿ ಅಜ್ಜಿಯರು, ಮಕ್ಕಳು, ನಾಯಿಗಳು. ಹಾಡಹಗಲೇ ಎಲ್ಲರೂ ಕುಡಿಯುತ್ತಿದ್ದರು, ಯಾರೂ ಮುಚ್ಚಿಡುತ್ತಿರಲಿಲ್ಲ. ಒಬ್ಬ ಹೆಂಗಸು ಬಂದು ಗ್ಲಾಸನ್ನು ಹೇಗೆ ಓರೆ ಮಾಡಬೇಕು, ಹೇಗೆ ಮೂಸಬೇಕು ಎಂದು ತೋರಿಸಿಕೊಟ್ಟಳು. ನನ್ನ ಗಂಡ ಶ್ರದ್ಧೆಯಿಂದ ಮೂಸಿದರು, ಇನ್ನೊಂದು ಹಾಕಿಸಿಕೊಂಡರು. ಮುಖ ಕೆಂಪಾಯಿತು. ಆಮೇಲೆ ಸಹೋದ್ಯೋಗಿಯ ಕಡೆ ತಿರುಗಿ ಹೇಳಿದರು: "ನಮ್ಮ ಜನಕ್ಕೆ ಕುಡಿಯೋದೇ ಗೊತ್ತಿಲ್ಲ ಕಣ್ರೀ. ವೈನ್ ಶಾಪ್ ಮುಂದೆ ನಿಂತ್ಕೊಂಡು ಗಟಗಟ ಸುರ್ಕೊಂಡು ಹೋಗ್ತಾರೆ."

ನನ್ನ ಅಪ್ಪ ನಿಂತುಕೊಂಡೇ ಕುಡಿಯುತ್ತಿದ್ದರು. ಕಾರ್ಖಾನೆಯಲ್ಲಿ ಇಡೀ ದಿನ ಲೇತ್ ಮಷೀನಿನ ಮುಂದೆ ನಿಂತವರು, ಸಂಜೆ ಹಲಸೂರು ಮಾರ್ಕೆಟ್ಟಿನ ಹತ್ತಿರ ವೈನ್ ಶಾಪಿನ ಕೌಂಟರಿಗೆ ಒರಗಿ ಒಂದು ಕ್ವಾರ್ಟರ್ ಬ್ರಾಂದಿ ಮುಗಿಸಿ ಮನೆಗೆ ಬರುತ್ತಿದ್ದರು. ಕೂರಲು ಅಲ್ಲಿ ಜಾಗವೇ ಇರಲಿಲ್ಲ. ಅವರು ಯಾರ ಮೇಲೂ ಕೈ ಎತ್ತಿದವರಲ್ಲ. ಹಾಗೆಂದು ನಾವು ಸುಖವಾಗಿದ್ದೆವು ಎಂದು ಹೇಳಲಾರೆ, ಆ ವಾಸನೆಗೆ ಬೇಸತ್ತೇ ಅಮ್ಮ ಮುದುಕಿಯಾದಳು.

ನನ್ನ ಮದುವೆಯಾದ ಮರುವರ್ಷ ಮಾವ ಇಂದಿರಾನಗರದ ಮನೆಗೆ ಮಹಡಿ ಕಟ್ಟಿಸಿ ಪೂಜೆ ಇಟ್ಟುಕೊಂಡಿದ್ದರು. ಅಪ್ಪ ಬೆಳಿಗ್ಗೆಯೇ ಸ್ವಲ್ಪ ಹಾಕಿಕೊಂಡು ಬಂದಿದ್ದರು. ಮಾವ ಅವರನ್ನು ಗೇಟಿನಲ್ಲೇ ನಿಲ್ಲಿಸಿ, ಆಟೋ ಕರೆಸಿ, "ನೀವು ಮನೇಗ್ ಹೋಗಿ ರೆಸ್ಟ್ ತಗೊಳ್ಳಿ" ಎಂದು ಕಳಿಸಿಬಿಟ್ಟರು. ಒಳಗೆ ಎಲೆ ಹಾಕಿಯಾಗಿತ್ತು. ನನ್ನ ಗಂಡ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದರು. ಅಪ್ಪ ಮತ್ತೆ ಆ ಮನೆಗೆ ಬರಲಿಲ್ಲ.

"ಯಾರ ಬಗ್ಗೆ ಹೇಳ್ತಿದೀರಾ?" ಎಂದೆ.

"ಸುಮ್ನೆ ಹೇಳಿದೆ, ಜನರಲ್ಲಾಗಿ."

"ನಮ್ಮಪ್ಪನ ಬಗ್ಗೆ ಹೇಳಿದ್ರಿ."

"ಇಲ್ಲಿ ಬೇಡ. ಇವರ ಮುಂದೆ ಬೇಡ."

ಸಹೋದ್ಯೋಗಿ ಗುಲಾಬಿ ನೋಡುವ ನೆಪದಲ್ಲಿ ಎದ್ದು ಹೋದರು. ಹೊರಡುವಾಗ ಗಂಡ ಒಂದು ಬಾಟಲಿ ಕೊಂಡರು. ಯಾರಿಗೆ ಎಂದು ಕೇಳಿದೆ.

"ಅಪ್ಪಂಗೆ."

"ನಮ್ಮಪ್ಪಂಗೆ?"

"ನಿಮ್ಮಪ್ಪಂಗೆ ಕೊಡೋಕಾಗುತ್ತಾ? ನೀನೇ ಹೇಳು."

ವಾಪಸ್ ಬರುವಾಗ ದೋಣಿಯಲ್ಲಿ ನಾನು ಅವರಿಂದ ದೂರ ಕೂತೆ.

ಬೆಂಗಳೂರಿಗೆ ಬಂದ ಮೇಲೆ ಒಂದು ಭಾನುವಾರ ದೊಮ್ಮಲೂರಿನಿಂದ ಅತ್ತೆಯ ತಂಗಿ ಮನೆಯವರು ಊಟಕ್ಕೆ ಬಂದರು. ಮಾವ ಷೋಕೇಸಿನಿಂದ ಗ್ಲಾಸುಗಳನ್ನು ತೆಗೆದು, "ಇದು ಹಾರ್ಟಿಗೆ ಒಳ್ಳೇದಂತೆ" ಎನ್ನುತ್ತ ಬಾಟಲಿ ಬಿಚ್ಚಿದರು. ನನಗೆ ಗೋಡಂಬಿ ಹುರಿದು ತರಲು ಹೇಳಿದರು. ನಾನು ಹುರಿದು ತಂದು ತಟ್ಟೆ ಇಟ್ಟೆ.

"ಮಾವ, ಅವತ್ತು ನಮ್ಮಪ್ಪನನ್ನ ವಾಪಸ್ ಕಳಿಸಿದ್ರಲ್ಲ, ಇವತ್ತು ನಿಮ್ಮನ್ನ ಯಾರು ಕಳಿಸ್ತಾರೆ?"

ಮಾವನ ಕೈ ಗ್ಲಾಸಿನ ಮೇಲೆ ನಿಂತಿತು. ಅತ್ತೆ, "ಅದೂ ಇದೂ ಒಂದೇನಮ್ಮಾ?" ಎಂದರು.

"ಅದು ನಿಂತ್ಕೊಂಡು ಕುಡಿದಿದ್ದು, ಇದು ಕೂತ್ಕೊಂಡು ಕುಡೀತಿರೋದು. ಅಷ್ಟೇ ಅತ್ತೆ."

ಚಪ್ಪಲಿ ಮೆಟ್ಟಿಕೊಂಡು ಆಟೋ ಹಿಡಿದು ಹಲಸೂರಿಗೆ ಹೋದೆ. ಅಪ್ಪ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಡಾಕ್ಟರ್ ಹೇಳಿದ ಮೇಲೆ ಕುಡಿಯುವುದನ್ನು ಬಿಟ್ಟಿದ್ದರು, ಸೊರಗಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ.

"ಯಾಕಮ್ಮಾ ಹೇಳೋಕ್ ಹೋದೆ? ನಾನು ಹಂಗ್ ಹೋಗಿದ್ದು ತಪ್ಪೇ ಅಲ್ವಾ."

"ಅವರು ಮಾಡಿದ್ದು?"

"ಅವರ ಮನೆ, ಅವರಿಷ್ಟ."

ಮಾವನ ಮೇಲೆ, ಗಂಡನ ಮೇಲೆ ಬಂದದ್ದಕ್ಕಿಂತ ಹೆಚ್ಚು ಕೋಪ ಆ ಮಾತಿಗೆ ಬಂತು. ಅಪ್ಪನ ಮೇಲೆ ಕಿರುಚಾಡಿದೆ. ಅಮ್ಮ ಟಿವಿ ಆರಿಸಿ, "ಮೊದ್ಲು ಊಟ ಮಾಡು" ಎಂದು ಸಾರನ್ನ ಕಲಸಿ ತಂದುಕೊಟ್ಟಳು.

ಸಂಜೆ ಗಂಡ ಸ್ಕೂಟರಿನಲ್ಲಿ ಬಂದು ಕೆಳಗೆ ನಿಂತರು. ಅಪ್ಪನೇ ಹೋಗಿ ಮೇಲೆ ಕರೆತಂದು ಕಾಫಿ ಕೊಡಿಸಿದರು. ಇಬ್ಬರೂ ದೊಮ್ಮಲೂರು ಫ್ಲೈಓವರ್ ಕೆಲಸ ಎಷ್ಟು ನಿಧಾನ ಎಂದು ಮಾತಾಡಿದರು. ಏನೂ ಆಗಿಲ್ಲವೆಂಬಂತೆ. ನಾನು ಒಳಗೆ ಕೂತು ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡೆ. ಮರುದಿನ ಆಫೀಸಿತ್ತು, ಸ್ಕೂಟರ್ ಹತ್ತಿದೆ.

ಯುಗಾದಿಗೆ ಮಾವ ತಾವೇ ಫೋನ್ ಮಾಡಿ ಅಪ್ಪನನ್ನು ಕರೆದರು. ಮಂಡಿ ನೋವು ಎಂದು ಅಪ್ಪ ಬರಲಿಲ್ಲ. "ಕರ್ದಿದೀನಿ, ಇನ್ನೇನ್ ಮಾಡ್ಲಿ?" ಎಂದರು ಮಾವ. ಹೋಳಿಗೆಯನ್ನು ಡಬ್ಬಿಗೆ ಹಾಕಿಕೊಂಡು ಹಲಸೂರಿಗೆ ಹೊರಟೆ. ನಾನು ಕರೆಯದಿದ್ದರೂ ಗಂಡನೂ ಸ್ಕೂಟರ್ ತೆಗೆದರು. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂದೆ ಕೂತೆ.